ಕಾರು ಬಿಸಿಯಾಗುವುದು ಯಾವಾಗ?

ಹಳೆಯ ಕಾರಿನ ಎಂಜಿನ್ ಪದೇ ಪದೇ ಬಿಸಿಯಾಗುತ್ತಿದ್ದರೆ ಮೊದಲು ತಿಳಿಯಬೇಕಾದದ್ದು ಒಂದೇ: ಅದು ಯಾವಾಗ ಬಿಸಿಯಾಗುತ್ತದೆ? ನಿಂತಾಗಲೋ, ಓಡುವಾಗಲೋ, ಏರು ಹತ್ತುವಾಗಲೋ? ಈ ಪ್ರಶ್ನೆಗೆ ಉತ್ತರ ಸಿಗುವ ಮೊದಲೇ ಪಾರ್ಟ್ ಬದಲಿಸಿದರೆ ದುಡ್ಡು ಹೋಗುತ್ತದೆ, ಬಿಸಿ ಮಾತ್ರ ಹೋಗುವುದಿಲ್ಲ. ನಮ್ಮ ಚಾಚಾ ಅವರ ಮಾರುತಿ 800 ವಿಷಯದಲ್ಲಿ ಈ ಬೇಸಿಗೆಯಲ್ಲಿ ಆದದ್ದು ಅದೇ.

ಕಾರಿಗೆ 15 ವರ್ಷ ತುಂಬಿ, ಆರ್‌ಸಿ ನವೀಕರಿಸಿಕೊಂಡು ಓಡುತ್ತಿರುವ ಗಾಡಿ ಅದು. 15 ದಿನಕ್ಕೊಮ್ಮೆ ದಾದಿಮಾ ಅವರನ್ನು ಚಿಕಿತ್ಸೆಗೆ ಬೆಂಗಳೂರಿಗೆ ಕರೆದುಕೊಂಡು ಹೋಗಬೇಕು. ಬಸ್ಸಿನ ಮೆಟ್ಟಿಲು ಹತ್ತಲು ಅವರಿಂದ ಆಗುವುದಿಲ್ಲ. ಒಂದು ಸಲ ಸುಂಕದಕಟ್ಟೆಯ ಟ್ರಾಫಿಕ್‌ನಲ್ಲಿ ಮುಳ್ಳು ಕೆಂಪು ಗೆರೆ ಮುಟ್ಟಿ, ಬಾನೆಟ್‌ನಿಂದ ಹಬೆ ಎದ್ದು, ದಾದಿಮಾ ಬಿಸಿಲಲ್ಲಿ ಮುಕ್ಕಾಲು ಗಂಟೆ ಕೂರಬೇಕಾಯಿತು. ಒಂದು ಗ್ಯಾರೇಜಿನವರು ಥರ್ಮೋಸ್ಟಾಟ್ ಕಿತ್ತು ಹಾಕಿ 'ಇನ್ನು ಹೀಟ್ ಆಗಲ್ಲ' ಎಂದರು. ಮುಂದಿನ ಸಲವೂ ಆಯಿತು. ಆಗ 'ಎಂಜಿನ್ನೇ ಬಿಚ್ಚಬೇಕು, 30 ಸಾವಿರ ಆಗಬಹುದು' ಎಂದರು. ಚಾಚಾ ಗುಜರಿಗೆ ಹಾಕುವ ಮಾತಾಡತೊಡಗಿದರು.

ಎಂಜಿನ್ ಬಿಚ್ಚುವ ಮುಂಚೆ ಅದು ಹೇಗೆ ತಣ್ಣಗಾಗುತ್ತದೆ ಎಂದು ನೋಡೋಣ. ಪೆಟ್ರೋಲ್ ಉರಿದು ಬರುವ ಶಕ್ತಿಯಲ್ಲಿ ಹೆಚ್ಚುಕಡಿಮೆ ಕಾಲು ಭಾಗ ಮಾತ್ರ ಚಕ್ರ ತಿರುಗಿಸುವ ಕೆಲಸಕ್ಕೆ ಸಿಗುತ್ತದೆ. ಉಳಿದದ್ದು ಶಾಖ. ಅದರಲ್ಲಿ ಒಂದು ಪಾಲು ಸೈಲೆನ್ಸರ್ ದಾರಿ ಹಿಡಿದರೆ, ಇನ್ನೊಂದು ಪಾಲನ್ನು ಎಂಜಿನ್ ಸುತ್ತ ಹರಿಯುವ ನೀರು ಹೊತ್ತು ರೇಡಿಯೇಟರ್‌ಗೆ ತರುತ್ತದೆ. ಅಲ್ಲಿ ಗಾಳಿ ಅದನ್ನು ಕಿತ್ತುಕೊಳ್ಳುತ್ತದೆ. ಗಾಡಿ ಓಡುವಾಗ ಗಾಳಿ ತಾನಾಗಿ ಬರುತ್ತದೆ, ನಿಂತಾಗ ಫ್ಯಾನ್ ಎಳೆದು ತರಬೇಕು.

ಹಾಗಾಗಿ ನಾನು ಒಂದು ನೋಟ್‌ಬುಕ್ ಹಿಡಿದು ಚಾಚಾ ಪಕ್ಕ ಕೂತೆ. ಮಾಗಡಿಯಿಂದ ತಾವರೆಕೆರೆವರೆಗೆ ಮುಳ್ಳು ಅರ್ಧದಲ್ಲೇ ಇತ್ತು. ಸಾವನದುರ್ಗದ ಕಡೆಯ ಏರಿನಲ್ಲೂ ಅಷ್ಟೇ. ಟ್ರಾಫಿಕ್‌ನಲ್ಲಿ ಐದು ನಿಮಿಷ ನಿಂತರೆ ಏರುತ್ತಿತ್ತು, ಹೊರಟರೆ ಇಳಿಯುತ್ತಿತ್ತು. ಓಡುವಾಗಲೂ ಏರಿನಲ್ಲೂ ಬಿಸಿಯಾಗಿದ್ದರೆ ರೇಡಿಯೇಟರ್ ಕಟ್ಟಿಕೊಂಡಿದೆ, ವಾಟರ್ ಪಂಪ್ ಸೋತಿದೆ ಅಥವಾ ಥರ್ಮೋಸ್ಟಾಟ್ ತೆರೆಯುತ್ತಿಲ್ಲ ಎಂದು ಅನುಮಾನಿಸಬೇಕು. ನಿಂತಾಗ ಮಾತ್ರ ಅಂದರೆ ಗಾಳಿ ಸಾಲುತ್ತಿಲ್ಲ. ನಮ್ಮ ಬೀದಿಯ ಎಲೆಕ್ಟ್ರಿಷಿಯನ್ ಭಾಯ್ ಫ್ಯಾನಿಗೆ ಬ್ಯಾಟರಿಯಿಂದ ನೇರ ವೈರ್ ಕೊಟ್ಟರು, ಚೆನ್ನಾಗಿ ತಿರುಗಿತು. ಫ್ಯೂಸ್ ಸರಿ ಇತ್ತು. ಕೆಟ್ಟಿದ್ದು, ನೀರು ಬಿಸಿಯಾದಾಗ ಫ್ಯಾನ್ ಚಾಲೂ ಮಾಡಬೇಕಾದ ಪುಟ್ಟ ಥರ್ಮೋ ಸ್ವಿಚ್.

ಅದು ಬದಲಾದ ಮೇಲೂ ದಿನಾ ಸ್ವಲ್ಪ ಸ್ವಲ್ಪ ನೀರು ಕಡಿಮೆಯಾಗುತ್ತಿತ್ತು, ಕೆಳಗೆ ಒಂದು ಹನಿಯೂ ಇಲ್ಲ. ನನಗೆ ಇಡೀ ಕೆಲಸದಲ್ಲಿ ಹೆಚ್ಚು ಇಷ್ಟವಾದದ್ದು ಈ ಭಾಗ. ರೇಡಿಯೇಟರ್ ಮುಚ್ಚಳದ ಮೇಲೆ 0.9 ಎಂದು ಅಚ್ಚಾಗಿರುತ್ತದೆ. ಹೊರಗಿನ ಒತ್ತಡಕ್ಕಿಂತ ಅಷ್ಟು ಹೆಚ್ಚು ಒತ್ತಡವನ್ನು ಅದು ಒಳಗೆ ಹಿಡಿದಿಡುತ್ತದೆ, ಥೇಟ್ ಕುಕ್ಕರಿನ ಹಾಗೆ. ಮಾಗಡಿ ಸಮುದ್ರಮಟ್ಟದಿಂದ 900 ಮೀಟರಿಗೂ ಮೇಲಿರುವುದರಿಂದ ಇಲ್ಲಿ ತೆರೆದ ಪಾತ್ರೆಯ ನೀರು ಸುಮಾರು 97 ಡಿಗ್ರಿಗೇ ಕುದಿಯುತ್ತದೆ. ಮುಚ್ಚಳ ಸರಿಯಿದ್ದರೆ ಕುದಿಯುವ ಬಿಂದು 115 ದಾಟುತ್ತದೆ. ರಬ್ಬರ್ ಒಣಗಿ ಬಿರುಕು ಬಿಟ್ಟರೆ ಈ ಲಾಭವೆಲ್ಲ ಹೋಗಿ ನೀರು ಹಬೆಯಾಗಿ ಸೋರುತ್ತದೆ. ನಮ್ಮ ಮುಚ್ಚಳದ ರಬ್ಬರ್ ಉಗುರಿಗೇ ಪುಡಿಯಾಯಿತು. ಇಡೀ ವ್ಯವಸ್ಥೆಯಲ್ಲಿ ಅತಿ ಅಗ್ಗದ ಸಾಮಾನು ಅದು. ಇದೇ ಒತ್ತಡದ ಕಾರಣಕ್ಕೆ ಬಿಸಿ ಎಂಜಿನ್ನಿನ ಮುಚ್ಚಳ ತೆಗೆಯಲೇಬಾರದು. ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಅರ್ಧ ಗಂಟೆಯಾದರೂ ಕಾಯಿರಿ. ಬಿಸಿ ಎಂಜಿನ್ ಮೇಲೆ ತಣ್ಣೀರು ಸುರಿಯುವವರನ್ನೂ ತಡೆಯಿರಿ, ಅಲ್ಯುಮಿನಿಯಂ ಹೆಡ್ ಸೊಟ್ಟಗಾಗುತ್ತದೆ. ಮುಳ್ಳು ಥಟ್ಟನೆ ಕೆಳಗಿಳಿದರೆ ಖುಷಿಪಡಬೇಡಿ: ನೀರೆಲ್ಲ ಖಾಲಿಯಾಗಿ ಸೆನ್ಸರ್‌ಗೆ ನೀರೇ ತಾಗದಿದ್ದರೂ ಹಾಗಾಗುತ್ತದೆ.

ಎಂಜಿನ್ ಬಿಚ್ಚಲೇಬೇಕಾದ ಸಂದರ್ಭವೂ ಉಂಟು, ಹೆಡ್ ಗ್ಯಾಸ್ಕೆಟ್ ಸುಟ್ಟಾಗ. ತಣ್ಣಗಿರುವಾಗ ಮುಚ್ಚಳ ತೆಗೆದು ಸ್ಟಾರ್ಟ್ ಮಾಡಿದರೆ ನೀರಿನಲ್ಲಿ ಎಡೆಬಿಡದೆ ಗುಳ್ಳೆ ಬರುವುದು, ಎಂಜಿನ್ ಬಿಸಿಯಾದ ಮೇಲೂ ಸೈಲೆನ್ಸರ್‌ನಿಂದ ಬಿಳಿ ಹೊಗೆ ನಿಲ್ಲದಿರುವುದು, ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗುವುದು ಅದರ ಗುರುತು. ನಮ್ಮ ಗಾಡಿಯಲ್ಲಿ ಮೂರೂ ಇರಲಿಲ್ಲ. 30 ಸಾವಿರದ ಮಾತು ಅಲ್ಲಿಗೆ ಬಿತ್ತು.

ರೇಡಿಯೇಟರ್‌ಗೆ ಇಷ್ಟು ದಿನ ಬೋರ್‌ವೆಲ್ ನೀರು ಹಾಕುತ್ತಿದ್ದೆವು. ಕೆಮಿಸ್ಟ್ರಿಯವರಿಗೆ ಗೊತ್ತು, ಗಡಸು ನೀರು ಕಾದರೆ ಕ್ಯಾಲ್ಸಿಯಂ ಕಾರ್ಬೊನೇಟ್ ಬಿಡುತ್ತದೆ. ಸ್ನಾನದ ಹಂಡೆಯೊಳಗಿನ ಬಿಳಿ ಪದರವೇ ರೇಡಿಯೇಟರಿನ ಸಣ್ಣ ಕೊಳವೆಗಳಲ್ಲೂ ಕೂರುತ್ತದೆ. ಈಗ ಒಳಗೆ ತೊಳೆಸಿ, ಡಿಸ್ಟಿಲ್ಡ್ ವಾಟರ್‌ಗೆ ಸಮಪಾಲು ಕೂಲಂಟ್ ಬೆರೆಸಿ ತುಂಬಿದ್ದೇವೆ. ಕೂಲಂಟ್ ತುಕ್ಕನ್ನೂ ತಡೆಯುತ್ತದೆ.

ಕಿತ್ತು ಹಾಕಿದ್ದ ಥರ್ಮೋಸ್ಟಾಟ್ ಜಾಗಕ್ಕೂ ಹೊಸದು ಬಂತು. ಅದಿಲ್ಲದಿದ್ದರೆ ಎಂಜಿನ್ ಬೇಗ ಬೆಚ್ಚಗಾಗುವುದಿಲ್ಲ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ. ಕೂರಿಸುವ ಮುಂಚೆ ಅದನ್ನು ದಾರದಲ್ಲಿ ಕಟ್ಟಿ, ಪಾತ್ರೆಯ ನೀರಿನಲ್ಲಿ ಥರ್ಮಾಮೀಟರ್ ಜೊತೆ ಇಳಿಬಿಟ್ಟು ಒಲೆ ಹಚ್ಚಿದೆ. ಅದರ ಮೇಲೆ 82 ಎಂದು ಅಚ್ಚಾಗಿತ್ತು, 83ಕ್ಕೆ ಬಾಯಿ ಬಿಟ್ಟಿತು. ಚಾಚಿ ಮಾತ್ರ ಆ ಪಾತ್ರೆಯನ್ನು ಇನ್ನೂ ಅಡುಗೆಮನೆಗೆ ಸೇರಿಸಿಲ್ಲ.