ಪ್ಲೇಗಿಗಿಂತ ಕ್ಯಾಂಪಿನ ಭಯವೇ ಹೆಚ್ಚಾದಾಗ

1897ರ ಬೇಸಿಗೆ, ಪುಣೆ. ಪ್ಲೇಗ್ ಸಮಿತಿಯ ಅಧ್ಯಕ್ಷ ಡಬ್ಲ್ಯು. ಸಿ. ರ್‍ಯಾಂಡ್ ಕಳಿಸಿದ ಸೋಲ್ಜರುಗಳು ಬೂಟುಗಾಲಲ್ಲೇ ಅಡುಗೆಮನೆ, ದೇವರಮನೆಗೆ ನುಗ್ಗುತ್ತಿದ್ದರು. ಕಂಕುಳಲ್ಲೋ ತೊಡೆಸಂದಿಯಲ್ಲೋ ಗಡ್ಡೆ ಎದ್ದಿದೆಯೇ ಎಂದು ಹೆಂಗಸರ ಮೈಯನ್ನೂ ತಡಕುತ್ತಾರೆಂಬ ದೂರು ಊರೆಲ್ಲ ಹಬ್ಬಿತ್ತು. ಹಾಸಿಗೆ ಬಟ್ಟೆ ಬೆಂಕಿಗೆ, ರೋಗಿ ಆಸ್ಪತ್ರೆಗೆ, ಮನೆಮಂದಿ ಊರಿಂದ ಬೇರ್ಪಡಿಸುವ ಕ್ಯಾಂಪಿಗೆ. ಜನ ಜ್ವರ ಬಂದವರನ್ನು ಬಚ್ಚಿಟ್ಟರು, ಸಾವನ್ನೂ ಮುಚ್ಚಿಟ್ಟರು. ಜೂನ್ 22ರ ರಾತ್ರಿ ಈ ದಬ್ಬಾಳಿಕೆಗೆ ರೊಚ್ಚಿಗೆದ್ದ ಚಾಪೇಕರ್ ಸಹೋದರರ ಗುಂಡಿಗೆ ರ್‍ಯಾಂಡ್ ಗುರಿಯಾಗಿ, ಜುಲೈ 3ರಂದು ಸತ್ತ.

ಜನ ರೋಗವನ್ನು ಬಚ್ಚಿಟ್ಟದ್ದನ್ನು ಮೌಢ್ಯ ಎಂದು ತಳ್ಳಿಹಾಕುವುದು ಅನ್ಯಾಯ. ಪ್ಲೇಗು ತಮಗೆ ತಗಲುತ್ತದೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಸೋಲ್ಜರು ಬಾಗಿಲಿಗೆ ಬರುವುದು ಮಾತ್ರ ಖಾತ್ರಿಯಿತ್ತು. ಆಸ್ಪತ್ರೆಯಲ್ಲಿ ದೇಹದಿಂದ ಎಣ್ಣೆ ತೆಗೆಯುತ್ತಾರೆಂಬ ಗಾಳಿಸುದ್ದಿ ಮುಂಬಯಿಯಲ್ಲಿ ಬೇರೂರಿದ್ದೂ ಇದೇ ಭಯದ ನೆಲದಲ್ಲಿ. ಅಲ್ಲಿ 1896ರ ಅಕ್ಟೋಬರಿನಲ್ಲೇ ಗಿರಣಿ ಕೆಲಸಗಾರರು ಆರ್ಥರ್ ರಸ್ತೆಯ ಆಸ್ಪತ್ರೆಯ ಮೇಲೆ ಮುಗಿಬಿದ್ದಿದ್ದರು. ಕೈಯಲ್ಲಿದ್ದ ಸ್ವಾತಂತ್ರ್ಯವನ್ನು ಕಿತ್ತುಕೊಂಡರೆ ಮನಸ್ಸು ಹಟ ಹಿಡಿದು ಅದನ್ನೇ ಮರಳಿ ಪಡೆಯಲು ಹೊರಡುತ್ತದೆ ಎಂದು ಅಮೆರಿಕದ ಮನಃಶಾಸ್ತ್ರಜ್ಞ ಜ್ಯಾಕ್ ಬ್ರೆಮ್ 1966ರಲ್ಲಿ ಸಿದ್ಧಾಂತ ಮಂಡಿಸಿದರು. ಪುಣೆ ಅದನ್ನು ಮೊದಲೇ ಅನುಭವಿಸಿತ್ತು.

ಮರುವರ್ಷ ಪ್ಲೇಗು ಹುಬ್ಬಳ್ಳಿಗೆ ಬಂತು. ಸುಮಾರು ಐವತ್ತು ಸಾವಿರ ಜನರಿದ್ದ ಊರಿನಲ್ಲಿ ಕೆಲವೇ ತಿಂಗಳಲ್ಲಿ 35 ಸಾವಿರಕ್ಕೂ ಹೆಚ್ಚು ಮಂದಿ ಚುಚ್ಚುಮದ್ದಿಗೆ ತೋಳೊಡ್ಡಿದರು. ಸೂಜಿ ಚುಚ್ಚಿದ್ದು ಸರ್ಕಾರಿ ವೈದ್ಯ ಲ್ಯೂಮನ್ ಮತ್ತು ಅವರ ಜೊತೆಗಾರರು. ಔಷಧಿ ವಿಜ್ಞಾನಿ ವಾಲ್ಡೆಮಾರ್ ಹಾಫ್ಕಿನ್ ಮುಂಬಯಿಯಲ್ಲಿ ತಯಾರಿಸಿ, 1897ರ ಜನವರಿ 10ರಂದು ಮೊದಲು ತಮ್ಮ ಮೈಗೇ ಚುಚ್ಚಿಕೊಂಡದ್ದು. ಅದೂ ಸುಖದ ಮದ್ದೇನಲ್ಲ: ಜ್ವರ ಏರುತ್ತಿತ್ತು, ತೋಳು ಊದುತ್ತಿತ್ತು. ಆದರೂ ಜನ ಬಂದರು. ಹಾಕಿಸಿಕೊಂಡ ರೈಲ್ವೆ, ಗಿರಣಿ ಕೆಲಸಗಾರರು ಬದುಕಿ ಓಡಾಡುತ್ತಿದ್ದುದು ಓಣಿಯವರ ಕಣ್ಣಿಗೇ ಕಾಣುತ್ತಿತ್ತು. ಮನೆಗೆ ನುಗ್ಗುವ ಸೋಲ್ಜರಿಗೆ ಮಣಿಯದ ಮನಸ್ಸು ಪಕ್ಕದ ಮನೆಯವನ ಅನುಭವವನ್ನು ನಂಬುತ್ತದೆ. ಮುಂಬಯಿಯಲ್ಲಿ ಖೋಜಾ ಧರ್ಮಗುರು ಯುವ ಆಗಾ ಖಾನ್ ಎಲ್ಲರೆದುರು ಚುಚ್ಚಿಸಿಕೊಂಡು ತಮ್ಮ ಸಮುದಾಯದ ಅಳುಕನ್ನು ಕಳೆದದ್ದೂ ಹೀಗೆಯೇ.

ಹೀಗೆ ಗಳಿಸಿದ ನಂಬಿಕೆ ಎಷ್ಟು ನಾಜೂಕು ಎಂಬುದು ಪಂಜಾಬಿನ ಮುಲ್ಕೋವಾಲ್ ಹಳ್ಳಿಯಲ್ಲಿ ಗೊತ್ತಾಯಿತು. 1902ರ ಅಕ್ಟೋಬರ್ 30ರಂದು ಅಲ್ಲಿ ಚುಚ್ಚುಮದ್ದು ಪಡೆದ 107 ಮಂದಿಯಲ್ಲಿ 19 ಜನ ಧನುರ್ವಾಯುವಿನಿಂದ ಸತ್ತರು. ಸತ್ತವರೆಲ್ಲರೂ ಒಂದೇ ಸೀಸೆಯ ಮದ್ದು ಪಡೆದವರು. ಲಸಿಕೆಯಿಂದ ಉಳಿದ ಜೀವಗಳಿಗೆ ಸುದ್ದಿಯಿಲ್ಲ. ಈ ಹತ್ತೊಂಬತ್ತು ಹೆಣಗಳಿಗೆ ಹೆಸರಿತ್ತು, ಊರಿತ್ತು, ಅಳುವವರಿದ್ದರು. ದೊಡ್ಡ ಪ್ರಮಾಣದ ಲಸಿಕೆ ಕಾರ್ಯಕ್ರಮ ಅಲ್ಲಿಗೇ ಕುಸಿಯಿತು. ಹಾಫ್ಕಿನ್ ಹುದ್ದೆ ಕಳೆದುಕೊಂಡರು.

ತಪ್ಪು ಅವರದ್ದಲ್ಲ, ಹಳ್ಳಿಯಲ್ಲಿ ಸೀಸೆ ತೆರೆದಾಗ ಸೋಂಕು ಸೇರಿರಬೇಕು ಎಂದು ರೊನಾಲ್ಡ್ ರಾಸ್‌ರಂಥ ವಿಜ್ಞಾನಿಗಳು ವಾದಿಸಿದರು. ಹಾಫ್ಕಿನ್ ಕಳಂಕಮುಕ್ತರಾಗಿ ಕೆಲಸಕ್ಕೆ ಮರಳುವ ಹೊತ್ತಿಗೆ 1907 ಬಂದಿತ್ತು. ಆ ಒಂದೇ ವರ್ಷದಲ್ಲಿ ಪಂಜಾಬಿನಲ್ಲಿ ಪ್ಲೇಗಿಗೆ 6 ಲಕ್ಷಕ್ಕೂ ಹೆಚ್ಚು ಮಂದಿ ಸತ್ತರು.