ಬ್ರೋಷರ್‌ನಲ್ಲಿ 24.8 ಕಿ.ಮೀ, ಕೊಂಡಾಪುರ ಟ್ರಾಫಿಕ್‌ನಲ್ಲಿ ಹೆಚ್ಚುಕಮ್ಮಿ ಅರ್ಧ! ಹೊಸ ಕಾರಿನ ಮೈಲೇಜ್ ಎಲ್ಲಿ ಹೋಗುತ್ತೆ?

ಹೊಸ ಕಾರು ಮನೆಗೆ ಬಂದ ಮೊದಲ ತಿಂಗಳು ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: 'ಎಷ್ಟು ಮೈಲೇಜ್ ಕೊಡುತ್ತೆ?' ಹೈದರಾಬಾದ್‌ನ ಕೊಂಡಾಪುರದಂಥ ಕಡೆ ಈ ಪ್ರಶ್ನೆಗೆ ಉತ್ತರ ಹೇಳುವವರ ಮುಖ ಸ್ವಲ್ಪ ಸಪ್ಪಗಾಗುತ್ತದೆ. ಐಟಿ ಕೆಲಸಕ್ಕಾಗಿ ಬೀದರ್, ಕಲಬುರಗಿ, ರಾಯಚೂರು ಕಡೆಯಿಂದ ಬಂದು ಈ ಭಾಗದಲ್ಲಿ ನೆಲೆಸಿದ ಕನ್ನಡಿಗರಿಗೆ ಇದು ಚೆನ್ನಾಗಿ ಗೊತ್ತು. ಊರಿಗೆ ಹೋಗುವಾಗ ಖುಷಿ ಕೊಟ್ಟ ಅದೇ ಕಾರು ಸೋಮವಾರ ಬೆಳಿಗ್ಗೆ ಕೊತ್ತಗೂಡ ಜಂಕ್ಷನ್ ಹತ್ತಿರ ಬರುತ್ತಿದ್ದಂತೆ ಪೆಟ್ರೋಲ್ ಕುಡಿಯಲು ಶುರು ಮಾಡುತ್ತದೆ.

ಹಾಗಾದರೆ ಕಾರು ಕೆಟ್ಟಿದೆಯೇ? ಕಂಪನಿ ಸುಳ್ಳು ಹೇಳಿತೇ? ಸಾಮಾನ್ಯವಾಗಿ ಎರಡೂ ಅಲ್ಲ.

ಒಂದು ಉದಾಹರಣೆ ನೋಡೋಣ. 2024ರ ಮೇ 9ರಂದು ಬಿಡುಗಡೆಯಾದ ಹೊಸ ಮಾರುತಿ ಸ್ವಿಫ್ಟ್‌ನ ಮ್ಯಾನುಯಲ್ ಕಾರಿಗೆ ಪ್ರಮಾಣೀಕೃತ ಮೈಲೇಜ್ ಲೀಟರಿಗೆ 24.8 ಕಿ.ಮೀ. ಎಎಂಟಿಗೆ 25.75. ಈ ಸಂಖ್ಯೆ ಹುಟ್ಟುವುದು ರಸ್ತೆಯಲ್ಲಲ್ಲ, ಪ್ರಯೋಗಾಲಯದಲ್ಲಿ. ಪುಣೆಯ ಎಆರ್‌ಎಐನಂಥ ಸಂಸ್ಥೆಗಳಲ್ಲಿ ಕಾರನ್ನು ಉರುಳೆಗಳ ಮೇಲೆ ನಿಲ್ಲಿಸಿ, ನಿಗದಿತ ವೇಗದ ನಕ್ಷೆಯಂತೆ ಓಡಿಸುತ್ತಾರೆ. ಒಟ್ಟು 1,180 ಸೆಕೆಂಡ್, ಅಂದರೆ 20 ನಿಮಿಷಕ್ಕೂ ಕಡಿಮೆ. ದೂರ ಸುಮಾರು 10.6 ಕಿ.ಮೀ. ಗರಿಷ್ಠ ವೇಗ 90 ಕಿ.ಮೀ. ಟ್ಯಾಂಕಿನಿಂದ ಎಷ್ಟು ಪೆಟ್ರೋಲ್ ಹೋಯಿತು ಎಂದು ಅಳೆಯುವುದೂ ಇಲ್ಲ. ಹೊಗೆಯಲ್ಲಿ ಹೊರಬಂದ ಇಂಗಾಲದ ಲೆಕ್ಕದಿಂದ ಇಂಧನದ ಪ್ರಮಾಣ ತೆಗೆಯುತ್ತಾರೆ.

ಈ ಪರೀಕ್ಷೆಯಲ್ಲಿ ಸಿಟಿ ಓಡಾಟ ಇಲ್ಲವೇ ಇಲ್ಲ ಎನ್ನುವುದು ತಪ್ಪು. ಮೊದಲ 780 ಸೆಕೆಂಡ್ ಪೂರ್ತಿ ನಗರ ಸಂಚಾರದ್ದೇ. ನಿಲ್ಲುವುದು, ಹೊರಡುವುದು ಎಲ್ಲ ಇದೆ. ಆದರೆ ಆ 'ನಗರ' ಬಹಳ ಸಾಧು. ಸೊನ್ನೆಯಿಂದ 50 ಕಿ.ಮೀ ವೇಗ ತಲುಪಲು ಅಲ್ಲಿ 26 ಸೆಕೆಂಡ್ ಕೊಡುತ್ತಾರೆ. ಕೊಂಡಾಪುರದಲ್ಲಿ ಸಿಗ್ನಲ್ ಹಸಿರಾದ ಮೇಲೆ ಅಷ್ಟು ನಿಧಾನವಾಗಿ ಹೊರಟು ನೋಡಿ, ಹಿಂದಿನ ಆಟೋದವರು ಸುಮ್ಮನಿರುತ್ತಾರಾ? ಜೊತೆಗೆ ಪರೀಕ್ಷೆಯಲ್ಲಿ ಎಸಿ ಬಂದ್. ಏಪ್ರಿಲ್-ಮೇ ತಿಂಗಳ ಹೈದರಾಬಾದ್ ಬಿಸಿಲಲ್ಲಿ ಎಸಿ ಇಲ್ಲದೆ ಕಾರು ಓಡಿಸುವವರು ಯಾರು?

ಯುರೋಪ್‌ನಲ್ಲಿ ಇದೇ ಮಾದರಿಯ ಹಳೆಯ ಪರೀಕ್ಷೆಯನ್ನು ಕೈಬಿಟ್ಟು, 2017ರಿಂದ ಡಬ್ಲ್ಯುಎಲ್‌ಟಿಪಿ ಎಂಬ ಹೊಸ ಪರೀಕ್ಷೆ ತಂದರು. ಅದು 30 ನಿಮಿಷದ್ದು, 23 ಕಿ.ಮೀ ದೂರದ್ದು, ವೇಗ 131 ಕಿ.ಮೀವರೆಗೆ. ಹಳೆಯ ಸಂಖ್ಯೆಗೂ ರಸ್ತೆಗೂ ಇದ್ದ ಅಂತರ ಅಲ್ಲಿಯ ಗ್ರಾಹಕರಿಗೂ ತಲೆನೋವಾಗಿತ್ತು.

ನಿಂತಲ್ಲೇ ಸೋರುವ ಪೆಟ್ರೋಲ್

ಈಗ ಕೊಂಡಾಪುರದ ಲೆಕ್ಕಕ್ಕೆ ಬನ್ನಿ. ಮನೆಯಿಂದ ಆಫೀಸಿಗೆ 8 ಕಿ.ಮೀ ಎಂದುಕೊಳ್ಳಿ. ಅರ್ಧ ಗಂಟೆ ಪ್ರಯಾಣ, ಅದರಲ್ಲಿ 10 ನಿಮಿಷ ನಿಂತೇ ಇರುತ್ತೀರಿ. ಎಸಿ ಹಾಕಿಕೊಂಡು ನಿಂತ ಸಣ್ಣ ಪೆಟ್ರೋಲ್ ಕಾರು ಗಂಟೆಗೆ ಮುಕ್ಕಾಲರಿಂದ ಒಂದು ಲೀಟರ್‌ವರೆಗೆ ಸುಡಬಹುದು. ಅಂದರೆ 10 ನಿಮಿಷಕ್ಕೆ ಸುಮಾರು 0.15 ಲೀಟರ್. ಓಡುವಾಗ ಲೀಟರಿಗೆ 18 ಕಿ.ಮೀ ಸಿಕ್ಕಿತು ಎಂದರೂ 8 ಕಿ.ಮೀಗೆ 0.44 ಲೀಟರ್ ಬೇಕು. ಒಟ್ಟು 0.59 ಲೀಟರ್. ಮೈಲೇಜ್ ಎಷ್ಟಾಯಿತು? 13.5! ಕಾರಿನಲ್ಲಿ ಯಾವ ದೋಷವೂ ಇಲ್ಲದೆ ಬಂದ ಸಂಖ್ಯೆ ಇದು. ಸಿಗ್ನಲ್‌ನಲ್ಲಿ ತಾನೇ ಆಫ್ ಆಗುವ ಐಡಲ್ ಸ್ಟಾರ್ಟ್-ಸ್ಟಾಪ್ ಇದ್ದರೂ, ಒಳಗೆ ಸೆಕೆ ಏರಿದರೆ ಎಸಿಗಾಗಿ ಎಂಜಿನ್ ಮತ್ತೆ ಚಾಲೂ ಆಗುತ್ತದೆ.

ಮಗುವನ್ನು ಶಾಲೆಗೆ ಬಿಡಲು 2 ಕಿ.ಮೀ ಹೋಗಿ ಬರುವುದು ಇನ್ನೂ ದುಬಾರಿ. ತಣ್ಣಗಿರುವ ಎಂಜಿನ್ ಬಿಸಿಯಾಗುವವರೆಗೆ ಹೆಚ್ಚು ಪೆಟ್ರೋಲ್ ಬೇಡುತ್ತದೆ. ಅದು ಹದಕ್ಕೆ ಬರುವ ಹೊತ್ತಿಗೆ ನೀವು ಮನೆಗೆ ವಾಪಸ್.

ಫ್ಲೈಓವರ್‌ಗಳು ನೆರವಾಗಿಲ್ಲ ಎನ್ನಲಾಗದು. ಕೊತ್ತಗೂಡ ಫ್ಲೈಓವರ್ 2023ರ ಜನವರಿ 1ರಂದು, ಔಟರ್ ರಿಂಗ್ ರೋಡ್ ಕಡೆಯಿಂದ ಕೊಂಡಾಪುರಕ್ಕೆ ಬರುವ ಪಿಜೆಆರ್ ಫ್ಲೈಓವರ್ 2025ರ ಜೂನ್ 28ರಂದು ತೆರೆದವು. ಸೇತುವೆ ಮೇಲೆ ಉಳಿಸಿದ್ದನ್ನು ಇಳಿದ ಮೇಲಿನ ಸಾಲಿನಲ್ಲಿ ಕಳೆಯುವುದು ಬೇರೆ ಮಾತು.

ಔಟರ್ ರಿಂಗ್ ರೋಡ್‌ನಲ್ಲಿ ಕಥೆ ಉಲ್ಟಾ. ಅಲ್ಲಿ ಗಂಟೆಗೆ 120 ಕಿ.ಮೀ ವೇಗಕ್ಕೆ ಅನುಮತಿ ಇದೆ. ಆದರೆ 80ರಿಂದ 120ಕ್ಕೆ ಏರಿದರೆ ಗಾಳಿಯ ತಡೆ 2.25 ಪಟ್ಟಾಗುತ್ತದೆ. 80-90ರಲ್ಲಿ ಹೋಗುವವರಿಗೆ ಮಾತ್ರ ಬ್ರೋಷರ್‌ನ ಹತ್ತಿರದ ಸಂಖ್ಯೆ ಕಾಣಲು ಸಾಧ್ಯ.

ಇನ್ನು ಇ20. ಎಥೆನಾಲ್‌ನ ಒಂದು ಲೀಟರಿನಲ್ಲಿ ಪೆಟ್ರೋಲ್‌ಗಿಂತ ಮೂರನೇ ಒಂದು ಭಾಗದಷ್ಟು ಕಡಿಮೆ ಶಕ್ತಿ ಇದೆ. ಶೇ.20 ಬೆರೆಸಿದಾಗ ಶುದ್ಧ ಪೆಟ್ರೋಲ್‌ಗೆ ಹೋಲಿಸಿದರೆ ಶಕ್ತಿ ಶೇ.6-7ರಷ್ಟು ಇಳಿಯುತ್ತದೆ. ಇ20ಗೆ ಹೊಂದಿಸಿದ ಕಾರುಗಳಲ್ಲಿ ಮೈಲೇಜ್ ನಷ್ಟ ಶೇ.1-2 ಮಾತ್ರ ಎಂದು ಪೆಟ್ರೋಲಿಯಂ ಸಚಿವಾಲಯ 2025ರಲ್ಲಿ ಹೇಳಿತ್ತು, ಉಳಿದವುಗಳಲ್ಲಿ ಶೇ.3-6. ಹಾಗಾಗಿ 24 ಇದ್ದದ್ದು 14ಕ್ಕೆ ಬಿದ್ದರೆ ತಪ್ಪನ್ನೆಲ್ಲ ಎಥೆನಾಲ್ ತಲೆಗೆ ಕಟ್ಟಬೇಡಿ.

ಜೇಬಿಗೆ ಎಷ್ಟು ಹೊರೆ?

2025ರಲ್ಲಿ ಹೈದರಾಬಾದ್‌ನಲ್ಲಿ ಪೆಟ್ರೋಲ್ ಲೀಟರಿಗೆ ಸುಮಾರು 107 ರೂ. ಇತ್ತು, ಬೆಂಗಳೂರಿನಲ್ಲಿ ಸುಮಾರು 103. ತಿಂಗಳಿಗೆ 1,000 ಕಿ.ಮೀ ಓಡಿಸುವವರು 24.8 ಮೈಲೇಜ್ ನಂಬಿದರೆ ಖರ್ಚು ಸುಮಾರು 4,300 ರೂ. 14 ಸಿಕ್ಕರೆ 7,600 ರೂ. ದಾಟುತ್ತದೆ. ಇಎಂಐ ಲೆಕ್ಕ ಹಾಕುವಾಗ ಈ 3,300 ರೂ. ವ್ಯತ್ಯಾಸವನ್ನು ಶೋರೂಂನಲ್ಲಿ ಯಾರೂ ಹೇಳುವುದಿಲ್ಲ. ಸಿಟಿ ಓಡಾಟವೇ ಹೆಚ್ಚು ಇರುವವರಿಗೆ ಸ್ಟ್ರಾಂಗ್ ಹೈಬ್ರಿಡ್ ಪರಿಗಣಿಸಬಹುದಾದ ದಾರಿ. ನಿಂತಾಗ ಎಂಜಿನ್ ಆಫ್, ಬ್ರೇಕ್ ಹಾಕಿದಾಗ ಬ್ಯಾಟರಿಗೆ ಚಾರ್ಜ್. ಆದರೆ ಕಾರಿನ ಬೆಲೆಯೇ ಲಕ್ಷಗಳಲ್ಲಿ ಹೆಚ್ಚು. ಓಡಾಟ ಕಡಿಮೆ ಇದ್ದರೆ ಆ ಹಣ ಮರಳಿ ಬರಲು ವರ್ಷಗಳೇ ಬೇಕು.

ಕಂಪನಿಯನ್ನು ಕೋರ್ಟಿಗೆ ಎಳೆಯಬಹುದೇ? ಎಳೆದವರಿದ್ದಾರೆ. ಲೀಟರಿಗೆ 32 ಕಿ.ಮೀ ಎಂದು ಹೇಳಿ ಮಾರಿದ ಡೀಸೆಲ್ ಕಾರು, ತಜ್ಞರ ಪರೀಕ್ಷೆಯಲ್ಲಿ 19.6 ಮಾತ್ರ ಕೊಟ್ಟ ಪ್ರಕರಣದಲ್ಲಿ ಕೇರಳದ ತ್ರಿಶೂರ್ ಗ್ರಾಹಕ ನ್ಯಾಯಾಲಯ 2022ರಲ್ಲಿ ಮಾಲೀಕರಿಗೆ 3.10 ಲಕ್ಷ ರೂ. ಕೊಡಿಸಿತು. ಅಲ್ಲಿ ಕೆಲಸಕ್ಕೆ ಬಂದದ್ದು ಮಾಲೀಕರ ಸಿಟ್ಟಲ್ಲ, ಅಳತೆ.

ಆ ಅಳತೆಯನ್ನು ನೀವೂ ಮಾಡಬಹುದು. ಡ್ಯಾಶ್‌ಬೋರ್ಡ್ ತೋರಿಸುವ ಸಂಖ್ಯೆಯನ್ನೇ ನೆಚ್ಚಿಕೊಳ್ಳಬೇಡಿ. ಟೈರ್ ಗಾಳಿ ಸರಿಪಡಿಸಿಕೊಂಡು, ಬಂಕ್‌ನಲ್ಲಿ ನಾಜಲ್ ತಾನೇ ಕಟ್ ಆಗುವವರೆಗೆ ತುಂಬಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. 300-400 ಕಿ.ಮೀ ಆದ ಮೇಲೆ ಅದೇ ಬಂಕ್, ಅದೇ ಪಂಪ್‌ನಲ್ಲಿ ಮತ್ತೆ ಕಟ್ ಆಗುವವರೆಗೆ ತುಂಬಿಸಿ, ಓಡಿದ ಕಿಲೋಮೀಟರನ್ನು ಹಾಕಿಸಿದ ಲೀಟರ್‌ನಿಂದ ಭಾಗಿಸಿ. 10 ಲೀಟರ್ ತುಂಬಿಸುವಲ್ಲಿ ಅರ್ಧ ಲೀಟರ್ ಹೆಚ್ಚುಕಮ್ಮಿಯಾದರೂ ಲೆಕ್ಕ ಶೇ.5 ತಪ್ಪುತ್ತದೆ. ಆದ್ದರಿಂದ ಕನಿಷ್ಠ ಮೂರು ಬಾರಿ ಅಳೆದು ಸರಾಸರಿ ತೆಗೆಯಿರಿ. ಊರಿಗೆ ಹೋಗಿ ಬಂದ ಟ್ಯಾಂಕ್ ಮತ್ತು ಆಫೀಸಿಗೆ ಓಡಾಡಿದ ಟ್ಯಾಂಕ್ ಎರಡನ್ನೂ ಬೇರೆ ಬೇರೆ ಬರೆದಿಡಿ.