ಪತಂಗ ಅಪರೂಪವೋ, ನೋಡುವ ಕಣ್ಣು ಅಪರೂಪವೋ?

ನಿಂಬೆ ಗಿಡದ ಎಳೆಯ ಎಲೆಗಳ ಮೇಲೆ ಬೆಳ್ಳಿಯ ದಾರ ಅಂಟಿಸಿದ ಹಾಗೆ ಅಂಕುಡೊಂಕು ಗೆರೆಗಳಿರುವುದನ್ನು ನೀವು ನೋಡಿರುತ್ತೀರಿ. ರಂಗೋಲಿ ಹುಳುವಿನ ಕೆಲಸ ಎನ್ನುತ್ತಾರೆ ರೈತರು. ಎಲೆಯ ಎರಡು ಪದರಗಳ ನಡುವೆ ಹೊಕ್ಕು ತಿರುಳು ತಿನ್ನುತ್ತ ಸುರಂಗ ಕೊರೆಯುವ ಆ ಹುಳು ಮುಂದೆ ಅರ್ಧ ಸೆಂಟಿಮೀಟರ್ ಆಸುಪಾಸಿನ ಒಂದು ಪತಂಗವಾಗುತ್ತದೆ. ಅದಕ್ಕೆ 1856ರಲ್ಲಿ ವೈಜ್ಞಾನಿಕ ಹೆಸರಿಟ್ಟವರು ಸ್ಟೇಂಟನ್ ಎಂಬ ಇಂಗ್ಲಿಷ್ ಗೃಹಸ್ಥರು. ಅವರು ನೋಡಿದ್ದು ಕಲ್ಕತ್ತದಿಂದ ಬಂದ ಮಾದರಿಗಳನ್ನು. ಬ್ರಿಟನ್ನಿನವರ ಸಣ್ಣ ಪತಂಗಗಳ ಹುಚ್ಚು ಅಷ್ಟು ಹಳೆಯದು, ಇನ್ನೂ ಇಳಿದಿಲ್ಲ. ಆ ಹುಚ್ಚಿನ ಒಂದು ವರ್ಷ ಹೇಗಿರುತ್ತದೆ ಎಂದು ತಿಳಿಯಲು ವೇಲ್ಸ್ ನಾಡಿನ ದಕ್ಷಿಣ ಕರಾವಳಿಯ ಗ್ಲಾಮೋರ್ಗನ್‌ಗೆ ಹೋಗೋಣ.

ಬ್ರಿಟನ್ನಿನಲ್ಲಿ ಚಿಟ್ಟೆಗಳು ಸುಮಾರು 60 ಜಾತಿ ಮಾತ್ರ. ಪತಂಗಗಳೋ ಸುಮಾರು 2,500. ಇವುಗಳಲ್ಲಿ 1,600ರಷ್ಟನ್ನು ‘ಮೈಕ್ರೊ’, ಅಂದರೆ ಕಿರುಪತಂಗಗಳೆಂದು ಬೇರೆ ಇಟ್ಟಿದ್ದಾರೆ. ಈ ವಿಂಗಡಣೆ ಅಷ್ಟೇನೂ ಶಾಸ್ತ್ರೀಯವಲ್ಲ. ಕೆಲವು ಕಿರುಪತಂಗಗಳು ‘ದೊಡ್ಡ’ ಪತಂಗಗಳಿಗಿಂತ ದೊಡ್ಡವು. ಹಳೆಯ ಸಂಗ್ರಾಹಕರು ತಮಗೆ ತಲೆನೋವಾದ ಕುಟುಂಬಗಳನ್ನೆಲ್ಲ ಒಂದು ಬದಿಗೆ ಸರಿಸಿಟ್ಟ ಹಾಗೆ ಕಾಣುತ್ತದೆ. ಆದರೂ ಹೆಚ್ಚಿನವು ಹೆಸರಿಗೆ ತಕ್ಕಂತೆ ಕಿರಿದೇ. ಸೊರೆಲ್ ಎಂಬ ಹುಳಿಸೊಪ್ಪಿನ ಎಲೆಯಲ್ಲಿ ಬೆಳೆಯುವ ಒಂದು ಪತಂಗದ ರೆಕ್ಕೆಗಳ ಹರವು ಮೂರು-ನಾಲ್ಕು ಮಿಲಿಮೀಟರ್. ಅಕ್ಕಿಕಾಳಿನ ಮೇಲೆ ಆರಾಮವಾಗಿ ಕುಳಿತೀತು.

ಗ್ಲಾಮೋರ್ಗನ್ ಎಂಬ ಕೌಂಟಿ ಆಡಳಿತದ ನಕ್ಷೆಯಲ್ಲಿ ಈಗ ಇಲ್ಲ. 1974ರಲ್ಲಿ ಅದನ್ನು ಮೂರಾಗಿ ಒಡೆದರು, 1996ರಲ್ಲಿ ಇನ್ನಷ್ಟು ಹೋಳು ಮಾಡಿದರು. ಪತಂಗದವರು ಇದನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. 1852ರಲ್ಲಿ ಹ್ಯೂಯೆಟ್ ವಾಟ್ಸನ್ ಎಂಬ ಸಸ್ಯಶಾಸ್ತ್ರಜ್ಞ ಬ್ರಿಟನ್ನನ್ನು 112 ‘ವೈಸ್ ಕೌಂಟಿ’ಗಳಾಗಿ ಹಂಚಿದ್ದ. ಗ್ಲಾಮೋರ್ಗನ್ ಅದರಲ್ಲಿ 41ನೆಯದು. ಸರ್ಕಾರ ಎಷ್ಟು ಸಲ ಗಡಿ ಬದಲಿಸಿದರೂ ಈ ಗಡಿ ಅಲುಗುವುದಿಲ್ಲ. ಹಾಗಾಗಿ ವಿಕ್ಟೋರಿಯಾ ರಾಣಿಯ ಕಾಲದ ದಾಖಲೆಯನ್ನೂ ಕಳೆದ ವಾರದ ದಾಖಲೆಯನ್ನೂ ಪಕ್ಕಪಕ್ಕದಲ್ಲಿಟ್ಟು ನೋಡಬಹುದು.

ದಾಖಲೆ ಎಂದರೆ ಏನು? ನಾಲ್ಕೇ ಮಾತು: ಯಾವ ಜೀವಿ, ಎಲ್ಲಿ, ಯಾವಾಗ, ನೋಡಿದವರು ಯಾರು. ಡಾರ್ವಿನ್ನರಿಗೆ ಸಮನಾಗಿ ನೈಸರ್ಗಿಕ ಆಯ್ಕೆಯ ಸಿದ್ಧಾಂತವನ್ನು ಕಂಡುಕೊಂಡ ಆಲ್ಫ್ರೆಡ್ ರಸೆಲ್ ವಾಲೇಸ್ ತಮ್ಮ ತಾರುಣ್ಯದಲ್ಲಿ ಇದೇ ಗ್ಲಾಮೋರ್ಗನ್ನಿನ ನೀತ್ ಪಟ್ಟಣದಲ್ಲಿ ಜಮೀನು ಅಳೆಯುವ ಸರ್ವೆಯವರಾಗಿದ್ದರು. 1847ರಲ್ಲಿ ಒಂದು ಪ್ರಾಣಿಶಾಸ್ತ್ರ ಪತ್ರಿಕೆಯಲ್ಲಿ ಅಚ್ಚಾದ ಅವರ ಪುಟ್ಟ ಟಿಪ್ಪಣಿಯಲ್ಲಿ ಇದ್ದದ್ದು ಇಷ್ಟೇ: ನೀತ್ ಬಳಿ ಇಂಥ ಒಂದು ಜೀರುಂಡೆ ಸಿಕ್ಕಿತು. ಮುಂದಿನ ವರ್ಷ ಅವರು ಅಮೆಜಾನ್‌ಗೆ ಹಡಗು ಹತ್ತಿದರು.

ಅಪರೂಪದ ಅಳತೆಗೋಲು

ಇನ್ನು ‘ಅಪರೂಪ’ ಎಂಬ ಮಾತಿಗೆ ಬರೋಣ. ಬ್ರಿಟನ್ನಿನ ನಕ್ಷೆಯನ್ನು ಹತ್ತು ಕಿಲೋಮೀಟರ್ ಬದಿಯ ಚೌಕಗಳಾಗಿ ಗೆರೆ ಎಳೆದಿದ್ದಾರೆ. ಅಂಥವು ಸುಮಾರು 2,800. ಒಂದು ಜಾತಿ 16ರಿಂದ 100 ಚೌಕಗಳಲ್ಲಿ ಮಾತ್ರ ಕಂಡಿದ್ದರೆ ಅದು ರಾಷ್ಟ್ರಮಟ್ಟದಲ್ಲಿ ಅಪರೂಪ. ಅದಕ್ಕೂ ಕಡಿಮೆಯಾದರೆ ಅತಿ ಅಪರೂಪ. ಕೇಳಲು ಚೊಕ್ಕಟವಾಗಿದೆ. ಆದರೆ ಚೌಕದಲ್ಲಿ ಚುಕ್ಕಿ ಬೀಳಬೇಕಾದರೆ ಅಲ್ಲಿ ಪತಂಗವಿದ್ದರೆ ಸಾಲದು, ಅದನ್ನು ಗುರುತಿಸಬಲ್ಲ ಮನುಷ್ಯನೊಬ್ಬ ಸರಿಯಾದ ವಾರದಲ್ಲಿ ಅಲ್ಲಿಗೆ ಹೋಗಿರಬೇಕು. ಎಷ್ಟೋ ಕಿರುಪತಂಗಗಳ ನಕ್ಷೆಯಲ್ಲಿ ಚುಕ್ಕಿಗಳು ಗುಂಪಾಗಿರುವುದು ಪರಿಣತನೊಬ್ಬನ ಮನೆಯ ಸುತ್ತ! ಖಾಲಿ ಚೌಕ ಕಂಡಾಗ ಅದು ಪತಂಗವಿಲ್ಲದ ಜಾಗವೋ, ಯಾರೂ ಹೋಗದ ಜಾಗವೋ ಎಂದು ನಕ್ಷೆ ಹೇಳುವುದಿಲ್ಲ. ವರ್ಷವಿಡೀ ನಡೆಯುವ ದಾಖಲೆಯ ಕೆಲಸವೆಲ್ಲ ಈ ಎರಡನ್ನು ಬೇರ್ಪಡಿಸುವ ಪ್ರಯತ್ನವೇ.

2012ರಲ್ಲಿ ಸ್ಟರ್ಲಿಂಗ್ ಮತ್ತು ಪಾರ್ಸನ್ಸ್ ಬರೆದ, ರಿಚರ್ಡ್ ಲೂಯಿಂಗ್ಟನ್ ಚಿತ್ರಿಸಿದ ಕಿರುಪತಂಗಗಳ ಕೈಪಿಡಿ ಹೊರಬಂತು. ಅದುವರೆಗೆ ದುಬಾರಿ ಸಂಪುಟಗಳಲ್ಲಿ, ಪರಿಭಾಷೆಯ ಕಾಡಿನಲ್ಲಿ ಅಡಗಿದ್ದ ವಿದ್ಯೆ ಚೀಲದಲ್ಲಿ ಇಟ್ಟುಕೊಂಡು ಹೋಗುವ ಪುಸ್ತಕವಾಯಿತು. ನೋಡುವವರು ಹೆಚ್ಚಿದರು, ಚುಕ್ಕಿಗಳೂ ಹೆಚ್ಚಿದವು. ಪತಂಗಗಳು ಮಾತ್ರ ಮೊದಲಿನಿಂದಲೂ ಅಲ್ಲೇ ಇದ್ದವು.

ಚಳಿಗಾಲದಿಂದ ಚಳಿಗಾಲಕ್ಕೆ

ಜನವರಿಯಲ್ಲಿ ಪತಂಗ ಹುಡುಕುವವರು ಕಂಡರೆ ಊರಿನವರಿಗೆ ನಗು ಬರಬೇಕು. ಹಾರುವ ಹುಳು ಒಂದೂ ಇಲ್ಲದ ಮಳೆ-ಚಳಿಯಲ್ಲಿ ಇವರು ಒಣಗಿ ನಿಂತ ಕಾಂಡ, ಬೀಜದ ತಲೆಗಳನ್ನು ಕತ್ತರಿಸಿ ಡಬ್ಬಿಗೆ ತುಂಬುತ್ತಾರೆ. ಟೀಸಲ್ ಎಂಬ ಮುಳ್ಳುಗಿಡದ ಹೂದಲೆಯನ್ನು ಸೀಳಿದರೆ ನಡುವಿನ ಬೆಂಡಿನಲ್ಲಿ ಒಂದು ಜಾತಿಯ ಮರಿಹುಳು ಮಲಗಿರುತ್ತದೆ. ಜೊಂಡಿನ ಕದಿರು ಗಾಳಿಗೆ ಹಾರಿಹೋಗದೆ ಹತ್ತಿಯಂತೆ ಜೋತುಬಿದ್ದಿದ್ದರೆ ಒಳಗೆ ಇನ್ನೊಂದು ಜಾತಿಯ ಹುಳು ರೇಷ್ಮೆಯ ಎಳೆಯಿಂದ ಅದನ್ನು ಕಟ್ಟಿಹಾಕಿದೆ ಎಂದು ಅರ್ಥ. ಇವೆರಡೂ ಅಪರೂಪದವೇನಲ್ಲ. ಆದರೆ ದೀಪದ ಬಳಿ ಕಾಯುವವರಿಗೆ ಅಷ್ಟಾಗಿ ಸಿಗದ ಎಷ್ಟೋ ಜಾತಿಗಳು ಹೀಗೆ ಚಾಕು ಹಿಡಿದವರಿಗೆ ಸಿಗುತ್ತವೆ.

ಮೇ ತಿಂಗಳಲ್ಲಿ ಹಳದಿ ಬಟರ್‌ಕಪ್ ಹೂಗಳ ಒಳಗೆ ಬಂಗಾರದ ಚೂರುಗಳಂತೆ ಮಿನುಗುವ ಪುಟ್ಟ ಪತಂಗಗಳು ಗುಂಪಾಗಿ ಕೂರುತ್ತವೆ. ಇವು ಬಹು ಪ್ರಾಚೀನ ವಂಶದವು. ಬೇರೆ ಪತಂಗಗಳಿಗೆ ಮಕರಂದ ಹೀರುವ ಸುರುಳಿ ನಳಿಕೆ ಇದ್ದರೆ, ಇವಕ್ಕೆ ದವಡೆಗಳಿವೆ. ಪರಾಗವನ್ನು ಅಗಿದೇ ತಿನ್ನುತ್ತವೆ.

ಬೇಸಿಗೆಯೆಂದರೆ ದೀಪದ ಬಲೆ. 1950ರ ಸುಮಾರಿಗೆ ರಾಬಿನ್‌ಸನ್ ಸಹೋದರರು ರೂಪಿಸಿದ ಪಾದರಸ ದೀಪದ ಬಲೆ ಈ ಹವ್ಯಾಸದ ದಿಕ್ಕನ್ನೇ ಬದಲಿಸಿತು. ಪೆಟ್ಟಿಗೆಯೊಳಗೆ ಮೊಟ್ಟೆ ಇಡುವ ರಟ್ಟಿನ ತಟ್ಟೆಗಳು. ಪತಂಗಗಳು ಅದರ ಗುಳಿಗಳಲ್ಲಿ ಬೆಳಗಿನವರೆಗೆ ಸುಮ್ಮನೆ ಕೂತಿರುತ್ತವೆ. ಎಣಿಸಿ, ಬರೆದುಕೊಂಡು, ಬಿಟ್ಟುಬಿಡುವುದು. ಮೋಡ ಕವಿದ ಬೆಚ್ಚಗಿನ ರಾತ್ರಿ ಒಳ್ಳೆಯದು, ಬೆಳದಿಂಗಳು ಒಳ್ಳೆಯದಲ್ಲ.

ಕೆನ್‌ಫಿಗ್ ಎಂಬಲ್ಲಿಯ ಮರಳದಿಬ್ಬಗಳಿಗೆ ದಾಖಲೆಗಾರರು ಮತ್ತೆಮತ್ತೆ ಹೋಗುತ್ತಾರೆ. ಮಧ್ಯಯುಗದಲ್ಲಿ ಅಲ್ಲೊಂದು ಪಟ್ಟಣವಿತ್ತು, ಕೋಟೆಯಿತ್ತು. ಸಮುದ್ರದ ಗಾಳಿ ಮರಳನ್ನು ತಂದು ತಂದು ಎರಡನ್ನೂ ಹೂತುಹಾಕಿತು. ಈಗಿನ ತೊಂದರೆ ಅದಕ್ಕೆ ತದ್ವಿರುದ್ಧ: ಮರಳು ಚಲಿಸುತ್ತಿಲ್ಲ. ಹುಲ್ಲು, ಪೊದೆ ಬೆಳೆದು ದಿಬ್ಬಗಳು ಗಟ್ಟಿಯಾಗುತ್ತಿವೆ. ಬರಿಮರಳನ್ನೇ ನಂಬಿದ ಗಿಡಗಳಿಗೂ ಹುಳುಗಳಿಗೂ ಜಾಗ ಕಡಿಮೆಯಾಗುತ್ತಿದೆ. ದಿಬ್ಬಗಳ ನಡುವಿನ ತಗ್ಗಿನಲ್ಲಿ ನೆಲಕ್ಕೆ ಅಂಟಿದಂತೆ ಹಬ್ಬುವ ಕುಳ್ಳ ವಿಲೋ ಗಿಡವಿದೆ. ಅದರ ಎಲೆಯನ್ನೇ ನಂಬಿ ಬದುಕುವ ಒಂದು ಕಿರುಪತಂಗವೂ ಇದೆ. ಅದನ್ನು ಹುಡುಕಬೇಕಾದರೆ ಮೊಣಕಾಲೂರಿ ಕೂತು ಒಂದೊಂದೇ ಎಲೆಯನ್ನು ಮಗುಚಿ ನೋಡಬೇಕು.

ಸೆಪ್ಟೆಂಬರ್ ಕಳೆದು ದೀಪದ ಬಲೆ ಖಾಲಿಯಾಗತೊಡಗಿದಾಗ ಉಳಿದವರಿಗೆ ವರ್ಷ ಮುಗಿಯಿತು. ಕಿರುಪತಂಗದವರಿಗೆ ಆಗ ಸುಗ್ಗಿ. ಓಕ್, ಬರ್ಚ್, ಹೇಜಲ್, ಸೇಬು, ಗುಲಾಬಿ — ಎಲ್ಲ ಎಲೆಗಳ ಮೇಲೂ ರಂಗೋಲಿ. ಇಲ್ಲಿ ಪತಂಗವನ್ನು ಕಾಣುವ ಅಗತ್ಯವೇ ಇಲ್ಲ, ಅದು ಬಿಟ್ಟುಹೋದ ಕೈಬರಹವನ್ನು ಓದಿದರಾಯಿತು. ಮೊದಲು ಗಿಡ ಯಾವುದೆಂದು ಖಚಿತವಾಗಬೇಕು, ಏಕೆಂದರೆ ಹೆಚ್ಚಿನ ಹುಳುಗಳು ಒಂದೆರಡು ಗಿಡಗಳನ್ನು ಬಿಟ್ಟು ಬೇರೆಯದನ್ನು ಮುಟ್ಟುವುದಿಲ್ಲ. ಆಮೇಲೆ ಪ್ರಶ್ನೆಗಳು ಶುರು. ಮೊಟ್ಟೆ ಇಟ್ಟಿದ್ದು ಎಲೆಯ ಮೇಲ್ಭಾಗದಲ್ಲೋ ಕೆಳಭಾಗದಲ್ಲೋ? ಸುರಂಗದ ಒಳಗಿನ ಹಿಕ್ಕೆ ನಡುವೆ ತೆಳು ಗೆರೆಯಾಗಿದೆಯೋ, ಅಗಲಕ್ಕೂ ತುಂಬಿದೆಯೋ? ಒಳಗಿರುವ ಹುಳು ಹಳದಿಯೋ ಹಸಿರೋ? ಬೆಳಕಿಗೆ ಹಿಡಿದ ಒಂದು ಎಲೆ, ಹತ್ತು ಪಟ್ಟು ಹಿಗ್ಗಿಸುವ ಒಂದು ಪುಟ್ಟ ಮಸೂರ — ಸಲಕರಣೆ ಇಷ್ಟೇ. ಹೈಸ್ಕೂಲು ಹುಡುಗಿಯೊಬ್ಬಳು ಪ್ರೊಫೆಸರರಿಗೆ ಸರಿಸಮ ನಿಲ್ಲಬಹುದಾದ ವಿಜ್ಞಾನಗಳು ಹೆಚ್ಚಿಲ್ಲ; ಇದು ಅವುಗಳಲ್ಲಿ ಒಂದು.

ನವೆಂಬರಿನಲ್ಲಿ ಆಸ್ಪೆನ್ ಮರದ ಕೆಳಗೆ ಇನ್ನೊಂದು ಸೋಜಿಗ ಕಾದಿರುತ್ತದೆ. ಉದುರಿದ ಎಲೆಗಳೆಲ್ಲ ಹಳದಿ. ಅವುಗಳ ನಡುವೆ ಕೆಲವು ಎಲೆಗಳಲ್ಲಿ ಮಾತ್ರ ತೊಟ್ಟಿನ ಬಳಿ ಹಚ್ಚಹಸಿರಿನ ಒಂದು ಮಚ್ಚೆ. ಒಳಗೆ ಒಂದು ಮರಿಹುಳು ಊಟ ಮಾಡುತ್ತಿದೆ. ಮರ ಎಲೆಯನ್ನು ಕೈಬಿಟ್ಟಿದೆ, ಆದರೆ ಹುಳು ತನ್ನ ಪಾಲಿನ ತುಂಡನ್ನು ಮುದಿಯಾಗಲು ಬಿಟ್ಟಿಲ್ಲ! ಇದು ಹೇಗೆ ಸಾಧ್ಯ? ಸೇಬಿನ ಎಲೆಯಲ್ಲಿ ಸುರಂಗ ಕೊರೆಯುವ ಇನ್ನೊಂದು ಪತಂಗದ ಮೇಲೆ ಫ್ರಾನ್ಸಿನ ಸಂಶೋಧಕರು ನಡೆಸಿದ ಕೆಲಸ 2010ರಲ್ಲಿ ಪ್ರಕಟವಾಯಿತು. ತಾಯಿ ಪತಂಗಗಳಿಗೆ ಆ್ಯಂಟಿಬಯಾಟಿಕ್ ಕೊಟ್ಟು ದೇಹದೊಳಗಿನ ಬ್ಯಾಕ್ಟೀರಿಯಾಗಳನ್ನು ಇಲ್ಲವಾಗಿಸಿದರೆ ಅವುಗಳ ಮರಿಗಳು ಹಸಿರು ಮಚ್ಚೆ ಉಳಿಸಿಕೊಳ್ಳಲಾರದೆ ಹೋದವು. ಎಲೆಯನ್ನು ಹಸಿರಾಗಿಡುವ ಸಸ್ಯ ಹಾರ್ಮೋನಿನ ಆಟದಲ್ಲಿ ಹುಳುವಿನ ಜೊತೆ ಬ್ಯಾಕ್ಟೀರಿಯಾದ ಕೈಯೂ ಇದೆ ಎಂದಾಯಿತು. ಆಸ್ಪೆನ್ನಿನ ಈ ಪತಂಗದಲ್ಲಿ ಇನ್ನೂ ಒಂದು ವಿಶೇಷ: ಬ್ರಿಟನ್ನಿನಲ್ಲಿ ಗಂಡು ಸಿಗುವುದೇ ದುರ್ಲಭ. ಗಂಡಿನ ಹಂಗಿಲ್ಲದೆ ಹೆಣ್ಣುಗಳೇ ಸಂತಾನ ಮುಂದುವರಿಸುತ್ತವೆ. ಹಾರುವ ಪತಂಗವನ್ನು ಕಂಡವರಿಗಿಂತ ಕೆಸರಿನಲ್ಲಿ ಬಿದ್ದ ಎಲೆ ಹೆಕ್ಕಿ ಅದನ್ನು ದಾಖಲಿಸಿದವರೇ ಹೆಚ್ಚು.

‘ಇವೆರಡರಲ್ಲಿ ಒಂದು’

ಕಂಡಿದ್ದೆಲ್ಲ ದಾಖಲೆಯಾಗುವುದಿಲ್ಲ. ಪ್ರತಿ ವೈಸ್ ಕೌಂಟಿಗೂ ಒಬ್ಬರೋ ಇಬ್ಬರೋ ಕೌಂಟಿ ರೆಕಾರ್ಡರ್ ಇರುತ್ತಾರೆ. ಸಂಬಳವಿಲ್ಲದ ಹುದ್ದೆ. ಅಪರೂಪದ ಹೆಸರು ಬರೆದು ಕಳಿಸಿದರೆ ಅವರು ಫೋಟೋ ಕೇಳುತ್ತಾರೆ, ಒಣಗಿಸಿದ ಎಲೆ ಕೇಳುತ್ತಾರೆ, ಕೆಲವೊಮ್ಮೆ ಪತಂಗವನ್ನೇ ಕೇಳುತ್ತಾರೆ. ಎಷ್ಟೋ ಕಿರುಪತಂಗಗಳು ಹೊರನೋಟಕ್ಕೆ ಅವಳಿಜವಳಿಗಳು. ಹೊಟ್ಟೆಯ ತುದಿಯನ್ನು ಕಾಸ್ಟಿಕ್ ಪೊಟ್ಯಾಷ್‌ನಲ್ಲಿ ಮೆತ್ತಗಾಗಿಸಿ, ಜನನಾಂಗವನ್ನು ಸೂಕ್ಷ್ಮದರ್ಶಕದಡಿ ನೋಡಿದರಷ್ಟೇ ವ್ಯತ್ಯಾಸ ತಿಳಿಯುವುದು. ಅದಕ್ಕಾಗಿ ಕೆಲವು ಪತಂಗಗಳು ಸಾಯಬೇಕಾಗುತ್ತದೆ. ಇದನ್ನು ಒಪ್ಪದವರೂ ಅವರಲ್ಲಿ ಇದ್ದಾರೆ. ಅವರು ಎರಡು ಜಾತಿಗಳ ಹೆಸರನ್ನೂ ಬರೆದು ‘ಇವೆರಡರಲ್ಲಿ ಒಂದು’ ಎಂದು ದಾಖಲಿಸುತ್ತಾರೆ. ಗೊತ್ತಿಲ್ಲದ್ದನ್ನು ಗೊತ್ತಿಲ್ಲವೆಂದೇ ಬರೆಯಲು ಅಧಿಕೃತ ಜಾಗವಿರುವ ಉತ್ತರಪತ್ರಿಕೆ! ನಮ್ಮ ಮಕ್ಕಳಿಗೆ ಅಂಥದ್ದು ಎಲ್ಲಿ ಸಿಗುತ್ತದೆ ಹೇಳಿ.

ಸಂಬಳವಿಲ್ಲದವರ ಕೆಲಸವೆಂದು ಹಗುರವಾಗಿ ಕಾಣುವಂತಿಲ್ಲ. ಎಡ್ವರ್ಡ್ ಮೇರಿಕ್ (1854–1938) ಮಾರ್ಲ್‌ಬರೊ ಎಂಬಲ್ಲಿ ಶಾಲಾ ಮಾಸ್ತರರಾಗಿದ್ದರು. ಬಿಡುವಿನ ವೇಳೆಯಲ್ಲಿ ಜಗತ್ತಿನ ಹದಿನಾಲ್ಕು ಸಾವಿರಕ್ಕೂ ಹೆಚ್ಚು ಜಾತಿಯ ಪತಂಗಗಳಿಗೆ ಹೆಸರು ಕೊಟ್ಟು ವಿವರಿಸಿದರು. ನಮ್ಮ ಕೊಡಗಿನಿಂದ, ಕಾರವಾರದಿಂದ ಅಂಚೆಯಲ್ಲಿ ಹೋದ ಕಿರುಪತಂಗಗಳೂ ಅವುಗಳಲ್ಲಿವೆ. ಆ ಮಾದರಿಗಳು ಇಂದಿಗೂ ಲಂಡನ್ನಿನ ವಸ್ತುಸಂಗ್ರಹಾಲಯದಲ್ಲಿವೆ.

ಇಷ್ಟೆಲ್ಲ ಮಾಡಿ ಏನು ಪ್ರಯೋಜನ ಎಂದು ಕೇಳುವವರು ಗ್ಲಾಮೋರ್ಗನ್ನಿನ ಕಲ್ಲಿದ್ದಲ ಕಣಿವೆಗಳಿಗೆ ಹೋಗಬೇಕು. ನೂರಾರು ವರ್ಷ ಗಣಿ ತೋಡಿ ಸುರಿದ ತ್ಯಾಜ್ಯದ ಕರಿಗುಡ್ಡಗಳು ಅಲ್ಲಿ ಊರುಗಳ ತಲೆಯ ಮೇಲೆ ನಿಂತಿವೆ. 1966ರ ಅಕ್ಟೋಬರ್ 21ರಂದು ಅಬರ್‌ವಾನ್‌ನಲ್ಲಿ ಇಂಥ ಒಂದು ಗುಡ್ಡ ಜಾರಿ ಶಾಲೆಯ ಮೇಲೆ ಬಿತ್ತು. ಸತ್ತ 144 ಮಂದಿಯಲ್ಲಿ 116 ಮಕ್ಕಳು. 2020ರ ಫೆಬ್ರುವರಿಯ ಮಳೆಗೆ ರೊಂಡಾ ಕಣಿವೆಯ ಟೈಲರ್ಸ್‌ಟೌನ್‌ನಲ್ಲಿ ಮತ್ತೊಂದು ಗುಡ್ಡ ಜರಿಯಿತು, ಪುಣ್ಯಕ್ಕೆ ಜೀವಹಾನಿಯಾಗಲಿಲ್ಲ. ಈ ಗುಡ್ಡಗಳನ್ನು ಭದ್ರಪಡಿಸಲೇಬೇಕು. ಅದರಲ್ಲಿ ಎರಡು ಮಾತಿಲ್ಲ.

ಆದರೆ ದಶಕಗಳ ಕಾಲ ಯಾರೂ ಗೊಬ್ಬರ ಹಾಕದ, ಉಳದ ಆ ಬಡ ನೆಲದಲ್ಲಿ ಹೂಗಿಡ, ಪಾಚಿ, ಬರ್ಚ್ ಬೆಳೆದು, ಬೇರೆಡೆ ನೆಲೆ ಕಳೆದುಕೊಂಡ ಹುಳುಗಳು ಬಂದು ಸೇರಿವೆ. 1990ರಲ್ಲಿ ಮುಚ್ಚಿದ ಮಾರ್ಡಿ ಗಣಿಯ ಗುಡ್ಡದಲ್ಲಿ ಸಿಕ್ಕ ಒಂದು ಸಹಸ್ರಪದಿ ಇಡೀ ವಿಜ್ಞಾನಕ್ಕೇ ಹೊಸದು. ಯಾವ ಗುಡ್ಡವನ್ನು ಪೂರ್ತಿ ತೆಗೆಯಬೇಕು, ಯಾವುದರ ನೀರಿನ ದಾರಿ ಸರಿಪಡಿಸಿದರೆ ಸಾಕು, ಮಣ್ಣು ಮುಚ್ಚಿ ಹುಲ್ಲು ಬಿತ್ತುವಾಗ ಯಾವ ಮೂಲೆಯನ್ನು ಹಾಗೇ ಬಿಡಬೇಕು — ಇದನ್ನು ತೀರ್ಮಾನಿಸುವ ಇಂಜಿನಿಯರ್ ದಾಖಲೆ ಕೇಂದ್ರದಿಂದ ಪಟ್ಟಿ ತರಿಸುತ್ತಾನೆ. ಪಟ್ಟಿಯಲ್ಲಿ ಇಲ್ಲದ ಹುಳು ಅವನ ಪಾಲಿಗೆ ಇಲ್ಲ. ಯಾರೂ ಹೋಗಿ ನೋಡದ ಗುಡ್ಡ ಕಾಗದದ ಮೇಲೆ ಬರೀ ಕಸದ ಗುಡ್ಡ.

ದಾಖಲೆಗಳು ತಿರುವುಮುರುವಾದದ್ದೂ ಉಂಟು. ಹಾರ್ಸ್ ಚೆಸ್ಟ್‌ನಟ್ ಮರದ ಎಲೆಯಲ್ಲಿ ಸುರಂಗ ಕೊರೆಯುವ ಒಂದು ಪತಂಗ ವಿಜ್ಞಾನಕ್ಕೆ ಪರಿಚಯವಾದದ್ದೇ 1986ರಲ್ಲಿ, ಮ್ಯಾಸಿಡೋನಿಯದಿಂದ. 2002ರಲ್ಲಿ ಲಂಡನ್ನಿನ ವಿಂಬಲ್ಡನ್ನಿನಲ್ಲಿ ಕಂಡಾಗ ಅದು ಬ್ರಿಟನ್ನಿಗೆ ಹೊಸ ಅತಿಥಿ. ಕೆಲವೇ ವರ್ಷಗಳಲ್ಲಿ ವೇಲ್ಸ್ ತಲುಪಿತು. ಈಗ ಆಗಸ್ಟ್ ಬಂತೆಂದರೆ ಸಾಲುಮರಗಳೆಲ್ಲ ಕಂದು ಬಣ್ಣಕ್ಕೆ ತಿರುಗುತ್ತವೆ. ವರ್ಷ ವರ್ಷ, ಚೌಕ ಚೌಕ ಅದರ ನಡಿಗೆಯನ್ನು ಬರೆದಿಟ್ಟವರಲ್ಲಿ ಈ ಹವ್ಯಾಸಿಗಳೂ ಇದ್ದರು.

ಡಿಸೆಂಬರಿನಲ್ಲಿ ವರ್ಷದ ಪಟ್ಟಿ ಕೌಂಟಿ ರೆಕಾರ್ಡರಿಗೆ ಹೋಗುತ್ತದೆ. ಕೆಲವು ಹೆಸರುಗಳ ಮುಂದೆ ಪ್ರಶ್ನಾರ್ಥಕ ಚಿಹ್ನೆಯೊಡನೆ ಅದು ಹಿಂದಿರುಗುತ್ತದೆ, ಒಂದಷ್ಟು ಪತ್ರವ್ಯವಹಾರ ನಡೆಯುತ್ತದೆ. ಉಳಿದದ್ದು ನಕ್ಷೆಯ ಮೇಲೆ ಚುಕ್ಕಿಗಳಾಗುತ್ತದೆ. ಆ ಹೊತ್ತಿಗೆ ಜನವರಿ ಬಂದಿರುತ್ತದೆ. ನಕ್ಷೆಯಲ್ಲಿ ಇನ್ನೂ ಚುಕ್ಕಿ ಬೀಳದ ಒಂದು ಚೌಕವನ್ನು ಆರಿಸಿಕೊಂಡು, ಅಲ್ಲಿ ಯಾವ ಮರಗಳಿವೆ, ಬಸ್ಸು ಎಲ್ಲಿಯವರೆಗೆ ಹೋಗುತ್ತದೆ ಎಂದು ಇವರು ವಿಚಾರಿಸಲು ತೊಡಗುತ್ತಾರೆ.